ಮಾರಿಯ ಸನ್ನಿಧಿಯಲ್ಲಿ ಮುನ್ನೆಚ್ಚರಿಕೆ

ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವನ್ನು ಜನರು ಇಂದಿಗೂ ಕಣಿವೆ ಮಾರಮ್ಮನ ನೆನಪಿನಲ್ಲಿ ಮಾರಿಕಣಿವೆ ಎಂದೇ ಕರೆಯುತ್ತಾರೆ. ರೋಗವನ್ನು ತರುವವಳೂ ಅದರಿಂದ ಕಾಯುವವಳೂ ಒಬ್ಬಳೇ ಎಂಬುದು ಮಾರಿಯ ಆರಾಧನೆಯ ತಿರುಳಾಗಿರುವಾಗ, ಇನ್‌ಫ್ಲುಯೆಂಜಾ ಮಹಾಮಾರಿಗೆ, ಅಂದರೆ ದೇಶದೇಶಗಳಿಗೆ ಹಬ್ಬುವ ಹೊಸ ಬಗೆಯ ಜ್ವರಕ್ಕೆ, ಆಸ್ಪತ್ರೆಗಳನ್ನೂ ಔಷಧಿ ಅಂಗಡಿಗಳನ್ನೂ ಮೊದಲೇ ಅಣಿಗೊಳಿಸುವುದು ದೈವದಲ್ಲಿ ಅಪನಂಬಿಕೆಯೇ ಎಂಬ ಪ್ರಶ್ನೆ ಏಳುತ್ತದೆ. ಯೋಗವಾಸಿಷ್ಠವು ದೈವಕ್ಕಿಂತ ಪೌರುಷಕ್ಕೆ, ಎಂದರೆ ಮನುಷ್ಯಪ್ರಯತ್ನಕ್ಕೆ, ಹೆಚ್ಚಿನ ಬೆಲೆ ಕೊಡುತ್ತದೆ. ಬರದ ಸೀಮೆಯಲ್ಲಿ ಅಮ್ಮನ ಕಣಿವೆಗೇ ಅಣೆಕಟ್ಟು ಕಟ್ಟಿದ್ದನ್ನು ಯಾರೂ ನಾಸ್ತಿಕತೆ ಎನ್ನುವುದಿಲ್ಲ.

ಇದಕ್ಕಿಂತ ಕಠಿಣವಾದುದು ಹಂಚಿಕೆಯ ಪ್ರಶ್ನೆ. ಒಸೆಲ್ಟಾಮಿವಿರ್ ಎಂಬ ವೈರಾಣುನಿರೋಧಕ ಔಷಧವನ್ನು ರೋಗಲಕ್ಷಣ ಕಾಣಿಸಿದ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲವಿರುವುದರಿಂದ, ದಾಸ್ತಾನು ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಷ್ಟೇ ಇದ್ದರೆ ಹೊಸದುರ್ಗ, ಹೊಳಲ್ಕೆರೆಗಳ ಒಳನಾಡಿನ ಹಳ್ಳಿಯವರಿಗೆ ಅದು ಸಿಗುವಷ್ಟರಲ್ಲಿ ಕಾಲ ಮೀರಿರಬಹುದು. 1918ರ ಇನ್‌ಫ್ಲುಯೆಂಜಾಗೆ ಭಾರತದಲ್ಲಿ ಕೋಟಿಗೂ ಮಿಕ್ಕಿ ಜನ ಬಲಿಯಾದಾಗ ಇಂಥ ಔಷಧವೇ ಇರಲಿಲ್ಲವಾದ್ದರಿಂದ ವಿಧಿಯೆಂದು ಸಮಾಧಾನಪಡಬಹುದಿತ್ತೇನೋ. ಇರುವ ಔಷಧವನ್ನು ತಲುಪಿಸದಿರುವುದು ಮಾತ್ರ ವಿಧಿಯಲ್ಲ, ಅಧರ್ಮ.