ಸಂಶಯದ ಮೇಲೆ ಯುದ್ಧ ಹೂಡಬಹುದೇ?



ಬೇಟೆಗಾರನೊಬ್ಬ ಕೋವಿ ಹಿಡಿದು ಕಾಡಿನಲ್ಲಿ ನಿಂತಿದ್ದಾನೆ. ಎದುರಿನ ಪೊದೆ ಅಲುಗಾಡುತ್ತದೆ. ಅಲ್ಲಿರುವುದು ಹಂದಿಯೋ ಮನುಷ್ಯನೋ ಅವನಿಗೆ ಖಚಿತವಿಲ್ಲ. ಗುಂಡು ಹಾರಿಸಬಹುದೇ? ಗುರುಮಠಗಳ ನೀತಿಶಾಸ್ತ್ರದ ಪಾಠದಲ್ಲಿ ಬಹುಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆ ಇದು. ಹಾರಿಸಬಾರದು ಎಂಬುದೇ ಉತ್ತರ. 'ಬಹುಶಃ ಹಂದಿಯೇ ಇರಬೇಕು' ಎಂಬ ಊಹೆ ಸಾಲದು. ಮನುಷ್ಯನ ಜೀವದ ಮಾತು ಬಂದಾಗ, ಸಂಶಯ ಪರಿಹಾರವಾಗುವ ತನಕ ಕೈ ತಡೆಯಬೇಕು.

ಇದೇ ಪ್ರಶ್ನೆ ರಾಷ್ಟ್ರಗಳಿಗೆ ಎದುರಾದರೆ? 2003ರ ಇರಾಕ್ ಯುದ್ಧವನ್ನು ನೆನೆದಾಗಲೆಲ್ಲ ನಾವು ಕೇಳಿಕೊಳ್ಳಬೇಕಾದದ್ದು ಇದನ್ನೇ.

ಇರಾಕಿನ ಮೇಲಿದ್ದ ಸಂಶಯ ನಿರಾಧಾರವಾಗಿರಲಿಲ್ಲ. 1988ರಲ್ಲಿ ಸದ್ದಾಂ ಹುಸೇನರ ಸೇನೆ ಹಲಬ್ಜಾ ಪಟ್ಟಣದ ಕುರ್ದ್ ಜನರ ಮೇಲೆ ವಿಷಾನಿಲ ಪ್ರಯೋಗಿಸಿ ಸಾವಿರಾರು ಮಂದಿಯನ್ನು ಕೊಂದಿತ್ತು. 1991ರ ಕೊಲ್ಲಿ ಯುದ್ಧದ ನಂತರ ಭದ್ರತಾ ಮಂಡಳಿಯು, ಸಾಮೂಹಿಕ ವಿನಾಶದ ಅಸ್ತ್ರಗಳನ್ನೆಲ್ಲ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ನಾಶಮಾಡಬೇಕೆಂದು ವಿಧಿಸಿತು. ಇರಾಕ್ ಕೆಲವನ್ನು ಒಪ್ಪಿಸಿತು, ಕೆಲವನ್ನು ಗುಟ್ಟಾಗಿ ನಾಶಪಡಿಸಿತು. ಲೆಕ್ಕವನ್ನು ಮಾತ್ರ ಸರಿಯಾಗಿ ಕೊಡಲಿಲ್ಲ. 1995ರಲ್ಲಿ ಸದ್ದಾಂ ಅವರ ಅಳಿಯನೇ ದೇಶ ಬಿಟ್ಟು ಹೋದ ಮೇಲೆ, ಜೈವಿಕ ಅಸ್ತ್ರಗಳ ಬಗ್ಗೆ ಮುಚ್ಚಿಟ್ಟಿದ್ದ ಸಂಗತಿಗಳು ಹೊರಬಿದ್ದವು. 1998ರ ಡಿಸೆಂಬರಿನಲ್ಲಿ ತಪಾಸಣೆ ನಿಂತುಹೋಯಿತು.

2002ರ ನವೆಂಬರಿನಲ್ಲಿ ಭದ್ರತಾ ಮಂಡಳಿಯ 1441ನೇ ನಿರ್ಣಯದಂತೆ ತಪಾಸಕರು ಮರಳಿದರು. ಹಾನ್ಸ್ ಬ್ಲಿಕ್ಸ್ ಅವರ ತಂಡ ಏಳುನೂರಕ್ಕೂ ಹೆಚ್ಚು ತಪಾಸಣೆ ನಡೆಸಿತು. ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. 150 ಕಿಲೋಮೀಟರಿನ ಮಿತಿಯನ್ನು ಮೀರುತ್ತಿದ್ದ ಕ್ಷಿಪಣಿಗಳು ಕಂಡಾಗ ಅವುಗಳ ನಾಶ ಆರಂಭವಾಯಿತು. 2003ರ ಮಾರ್ಚ್ 7ರಂದು ಬ್ಲಿಕ್ಸ್, ಉಳಿದ ಕೆಲಸಕ್ಕೆ ವರ್ಷಗಳು ಬೇಡ, ಆದರೆ ಕೆಲವು ತಿಂಗಳುಗಳಾದರೂ ಬೇಕು ಎಂದರು. ಇರಾಕ್ ನೈಜರ್ ದೇಶದಿಂದ ಯುರೇನಿಯಂ ಕೊಳ್ಳಲು ಯತ್ನಿಸಿತೆಂಬ ಆರೋಪಕ್ಕೆ ಆಧಾರವಾಗಿದ್ದ ಕಾಗದಪತ್ರಗಳು ನೈಜವಲ್ಲವೆಂದು ಮೊಹಮದ್ ಎಲ್‌ಬರಾದಿ ಅದೇ ದಿನ ತಿಳಿಸಿದರು. ಎರಡು ವಾರ ಕಳೆಯುವ ಮೊದಲೇ, ಮಾರ್ಚ್ 20ರಂದು, ಯುದ್ಧ ಆರಂಭವಾಯಿತು.

ಇಲ್ಲೊಂದು ತರ್ಕದ ತೊಡಕಿದೆ. 'ಇದೆ' ಎಂದು ತೋರಿಸಲು ಒಂದು ವಸ್ತು ಸಾಕು. 'ಇಲ್ಲ' ಎಂದು ತೋರಿಸುವುದು ಹೇಗೆ? ನಮ್ಮ ಮನೆಗಳಲ್ಲೇ ನೋಡಿ. ಚಿನ್ನದ ಸರ ಕಾಣೆಯಾಗುತ್ತದೆ. ಮನೆಗೆಲಸದ ಹೆಣ್ಣುಮಗಳ ಮೇಲೆ ಅನುಮಾನ. ಆಕೆಯ ಚೀಲದಲ್ಲಿ ಸರ ಸಿಕ್ಕಿದರೆ ಕಳ್ಳಿ. ಸಿಗದಿದ್ದರೆ 'ಬೇರೆಲ್ಲೋ ಬಚ್ಚಿಟ್ಟಿದ್ದಾಳೆ'. ಹಾಗೆ ಯೋಚಿಸಲು ತೊಡಗಿದ ಮೇಲೆ ಹುಡುಕಾಟಕ್ಕೆ ಅರ್ಥವೇ ಉಳಿಯುವುದಿಲ್ಲ. ತೀರ್ಪು ಮೊದಲೇ ಆಗಿಹೋಗಿರುತ್ತದೆ.

'ಫಾದರ್, ಸಂಶಯ ನಿಜವಾಗಿದ್ದರೆ? ಕಾಯುತ್ತ ಕೂತು ಸಾವಿರಾರು ಜನ ಸತ್ತಿದ್ದರೆ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೇಟೆಗಾರನಿಗೆ ತಪ್ಪಿಹೋಗುವುದು ಒಂದು ಹಂದಿ ಮಾತ್ರ. ದೇಶವನ್ನಾಳುವವರಿಗೆ ಪ್ರಜೆಗಳ ಪ್ರಾಣವೇ ಹೋಗಬಹುದು. ಆದರೆ ಅಂದು ಇದ್ದದ್ದು ಯುದ್ಧ ಅಥವಾ ಕೈಕಟ್ಟಿ ಕೂರುವುದು ಎಂಬ ಎರಡೇ ದಾರಿಗಳಲ್ಲ. ಸಂಶಯವನ್ನು ಪರಿಹರಿಸುವ ಮೂರನೆಯ ದಾರಿಯೊಂದು ತೆರೆದಿತ್ತು, ಅದರಲ್ಲಿ ಕೆಲಸವೂ ನಡೆಯುತ್ತಿತ್ತು. ಅದನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಆತ್ಮರಕ್ಷಣೆಗಾಗಿ ನಡೆಸುವ ಯುದ್ಧಕ್ಕೂ ಧರ್ಮಸಭೆ ಕಟ್ಟುನಿಟ್ಟಿನ ಷರತ್ತುಗಳನ್ನು ವಿಧಿಸುತ್ತದೆ: ಆಕ್ರಮಣದಿಂದಾಗುವ ಹಾನಿ ಘೋರವೂ ಶಾಶ್ವತವೂ ಖಚಿತವೂ ಆಗಿರಬೇಕು, ಉಳಿದೆಲ್ಲ ಮಾರ್ಗಗಳೂ ವಿಫಲವಾಗಿರಬೇಕು, ಗೆಲುವಿಗೆ ಬಲವಾದ ನಿರೀಕ್ಷೆಯಿರಬೇಕು, ಯುದ್ಧದಿಂದಾಗುವ ಕೇಡು ನಿವಾರಿಸಹೊರಟ ಕೇಡಿಗಿಂತ ದೊಡ್ಡದಾಗಬಾರದು. ಇವು ಒಂದೊಂದಾಗಿ ಅಲ್ಲ, ಒಟ್ಟಿಗೇ ಪೂರೈಸಬೇಕಾದವು.

ಆದ್ದರಿಂದಲೇ ಜಗದ್ಗುರು ಎರಡನೇ ಜಾನ್ ಪಾಲ್ ಎರಡೂ ಕಡೆಗೆ ದೂತರನ್ನು ಕಳುಹಿಸಿದರು. 2003ರ ಫೆಬ್ರವರಿಯಲ್ಲಿ ಕಾರ್ಡಿನಲ್ ಎಚೆಗರೆ ಬಾಗ್ದಾದಿಗೆ ಹೋಗಿ ಸದ್ದಾಂ ಅವರನ್ನು ಕಂಡರು. ಮಾರ್ಚ್ 5ರಂದು, ವಿಭೂತಿ ಬುಧವಾರದ ದಿನವೇ, ಕಾರ್ಡಿನಲ್ ಪಿಯೋ ಲಾಘಿ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಬುಷ್ ಅವರನ್ನು ಕಂಡರು. ಇಬ್ಬರೂ ಬರಿಗೈಯಲ್ಲಿ ಮರಳಿದರು.

ಯುದ್ಧದ ನಂತರ ಅಮೆರಿಕ ತಾನೇ ಕಳುಹಿಸಿದ ತಂಡವೂ ಹುಡುಕಿತು. ಇರಾಕ್ ತನ್ನ ರಾಸಾಯನಿಕ ಅಸ್ತ್ರಗಳ ದಾಸ್ತಾನನ್ನು 1991ರಲ್ಲೇ ನಾಶಪಡಿಸಿತ್ತೆಂದು 2004ರಲ್ಲಿ ಅದು ವರದಿ ಮಾಡಿತು. ನೆರೆಯ ಇರಾನಿನ ಭಯದಿಂದ ಸದ್ದಾಂ ಆ ಸಂಶಯವನ್ನು ಬೇಕೆಂದೇ ಉಳಿಸಿಕೊಂಡಿದ್ದರೆಂದೂ ತಿಳಿದುಬಂತು. ಸಂಚಾರಿ ಜೈವಿಕ ಪ್ರಯೋಗಾಲಯಗಳಿವೆ ಎಂದಿದ್ದ ಇರಾಕಿ ನಿರಾಶ್ರಿತನೊಬ್ಬ, ತಾನು ಹೇಳಿದ್ದು ಸುಳ್ಳೆಂದು 2011ರಲ್ಲಿ ಒಪ್ಪಿಕೊಂಡ. ಅಷ್ಟರೊಳಗೆ ಯುದ್ಧದಲ್ಲಿ, ಅದರ ಬೆನ್ನಿಗೇ ಬಂದ ಹಿಂಸಾಚಾರದಲ್ಲಿ ಲಕ್ಷಕ್ಕೂ ಹೆಚ್ಚು ಜನಸಾಮಾನ್ಯರು ಸತ್ತಿದ್ದರು. ಆ ಅರಾಜಕತೆಯಲ್ಲಿ ಬೆಳೆದ ಉಗ್ರರ ಕೈಗೆ 2014ರಲ್ಲಿ ಮೊಸುಲ್ ನಗರ ಸಿಕ್ಕಿತು. ಶತಮಾನಗಳಿಂದ ಅಲ್ಲಿ ಬಾಳಿದ್ದ ಕ್ರೈಸ್ತರು ಮನೆಮಠ ತೊರೆದು ಓಡಬೇಕಾಯಿತು.

ಹತ್ತು ಆಜ್ಞೆಗಳಲ್ಲಿ ಐದನೆಯದು ಕೊಲೆಯನ್ನೂ ಎಂಟನೆಯದು ಸುಳ್ಳುಸಾಕ್ಷಿಯನ್ನೂ ನಿಷೇಧಿಸುತ್ತದೆ. ಸುಳ್ಳೆಂದು ತಿಳಿದೇ ಆಡುವುದಷ್ಟೇ ಸುಳ್ಳುಸಾಕ್ಷಿಯಲ್ಲ. ಅರ್ಧ ತಿಳಿದದ್ದನ್ನು ಪೂರ್ತಿ ತಿಳಿದವರಂತೆ ಹೇಳುವುದೂ ಅದಕ್ಕೆ ಹತ್ತಿರವೇ. ಸೈನ್ಯ ನಡೆಸುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ಯಾವುದೇ ದೇಶದ ಮೇಲೆ ಯುದ್ಧದ ಕೂಗೆದ್ದಾಗ ದನಿಗೂಡಿಸುವವರು ನಾವೇ. ಮುಂದೆ ಅಂಥ ಕೂಗು ಕೇಳಿದಾಗ, ಕೂಗುವವರಿಗೆ ಖಚಿತವಾಗಿ ಗೊತ್ತಿರುವುದೆಷ್ಟು, ಊಹೆ ಎಷ್ಟು, ಇನ್ನೂ ಉಳಿದಿರುವ ದಾರಿ ಯಾವುದು ಎಂದು ಮೊದಲು ಕೇಳೋಣ. ಶಾಂತಿಯ ಪ್ರಭು ನಮಗೆ ಆ ತಾಳ್ಮೆಯನ್ನು ಕೊಡಲಿ.