ಬೇರನ್ನೂ ಮಾತ್ರೆಯನ್ನೂ ಕುರಿತು



ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಬಿದ್ದಾಗ ಕಣ್ಣೀರಿನಿಂದ ದೇವರಿಗೆ ಮೊರೆಯಿಟ್ಟನು. ದೇವರು ಅವನ ಆಯುಷ್ಯಕ್ಕೆ 15 ವರುಷಗಳನ್ನು ಕೂಡಿಸಿದನು. ಆದರೆ ಅರಸುಗಳ ಎರಡನೆಯ ಪುಸ್ತಕದ ಅದೇ 20ನೆಯ ಅಧ್ಯಾಯದಲ್ಲಿ, ಪ್ರವಾದಿಯಾದ ಯೆಶಾಯನು ಅಂಜೂರದ ಹಣ್ಣುಗಳ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನೆಂದೂ ಓದುತ್ತೇವೆ. ಪ್ರಾರ್ಥನೆಯು ಮದ್ದನ್ನು ತಳ್ಳಲಿಲ್ಲ; ಮದ್ದು ಪ್ರಾರ್ಥನೆಗೆ ಅಡ್ಡಿಯಾಗಲಿಲ್ಲ.

ಆದಕಾರಣ ಗಿಡಮೂಲಿಕೆಗಳನ್ನು ನಾವು ಹೀನವೆಂದೆಣಿಸಬಾರದು. ಸರ್ಪಗಂಧದ ಬೇರನ್ನು ನಮ್ಮ ದೇಶದ ವೈದ್ಯರು ನಿದ್ರೆಯಿಲ್ಲದವರಿಗೂ ಬುದ್ಧಿ ಕದಡಿದವರಿಗೂ ಬಹುಕಾಲದಿಂದ ಕೊಡುತ್ತಾ ಬಂದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ರಸಾಯನ ಪಂಡಿತರು ಆ ಬೇರಿನಿಂದಲೇ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದು ಏರಿದ ರಕ್ತದೊತ್ತಡವನ್ನು ಇಳಿಸುವ ಔಷಧವಾಯಿತು. ಹಿತ್ತಲಿನ ಬೇರನ್ನು ಆಸ್ಪತ್ರೆಯೂ ಮಾನ್ಯಮಾಡಿತು.

ಆದರೆ ಗುಣಪಡಿಸುವ ಶಕ್ತಿಯುಳ್ಳದ್ದಕ್ಕೆ ಕೆಡಿಸುವ ಶಕ್ತಿಯೂ ಉಂಟೆಂಬದನ್ನು ಮರೆಯಬಾರದು. ರಕ್ತದೊತ್ತಡಕ್ಕಾಗಿ ಆಸ್ಪತ್ರೆಯ ಮಾತ್ರೆ ನುಂಗುವವನು ಮನೆಯಲ್ಲಿ ಗುಟ್ಟಾಗಿ ಈ ಬೇರಿನ ಕಷಾಯವನ್ನೂ ಕುಡಿದರೆ, ಒತ್ತಡವು ಮಿತಿಮೀರಿ ಇಳಿದು ತಲೆ ತಿರುಗಿ ಬಿದ್ದಾನು; ಅವನ ಮನಸ್ಸು ಕುಗ್ಗಲೂಬಹುದು. ವೈದ್ಯರು ಕಾರಣವನ್ನು ಎಲ್ಲಿ ಹುಡುಕಿಯಾರು? ರೋಗಿಯೇ ಅದನ್ನು ಮುಚ್ಚಿಟ್ಟಿದ್ದಾನಲ್ಲಾ!

ಇನ್ನೊಂದು ಮಾತುಂಟು. ಹಾವಿನ ಹೆಸರನ್ನು ಹೊತ್ತ ಈ ಬೇರು ಹಾವಿನ ವಿಷಕ್ಕೂ ಮದ್ದೆಂದು ನಂಬಿದವರುಂಟು. ಪ್ರಿಯರೇ, ಇಲ್ಲಿ ಬೇರನ್ನು ನಂಬಿ ಕಾಲ ಕಳೆಯಬೇಡಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಎದುರಾದ ಪ್ರತಿವಿಷವನ್ನು ಕುದುರೆಗಳ ರಕ್ತದಿಂದ ಸಿದ್ಧಮಾಡಿ ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಗಾಯವನ್ನು ಕೊಯ್ಯಬೇಡಿರಿ, ಹೀರಬೇಡಿರಿ, ಹಗ್ಗದಿಂದ ಬಿಗಿಯಬೇಡಿರಿ. ಕಚ್ಚಿಸಿಕೊಂಡವನಿಗೆ ಧೈರ್ಯ ಹೇಳಿ, ಆ ಅಂಗವು ಅಲುಗದಂತೆ ಇರಿಸಿ, ಅವನನ್ನು ನಡೆಸದೆ ಹೊತ್ತುಕೊಂಡು ಹೋಗಿರಿ. ದಾರಿಯಲ್ಲಿಯೂ ಪ್ರಾರ್ಥಿಸಬಹುದು; ಪ್ರಾರ್ಥನೆಗಾಗಿ ದಾರಿಯಲ್ಲಿ ನಿಲ್ಲಬೇಕಾಗಿಲ್ಲ.

ನಮ್ಮಲ್ಲಿ ಅನೇಕರು ಯಾಕೆ ಮುಚ್ಚಿಡುತ್ತಾರೆ? ಡಾಕ್ಟರರು ಗದರಿಸುವರೆಂಬ ಭಯ. ನಾಟಿವೈದ್ಯನ ಮನೆಗೆ ಹೋದದ್ದನ್ನು ಸಭೆಯವರು ಆಡಿಕೊಳ್ಳುವರೆಂಬ ನಾಚಿಕೆ. ಹಾಗಾದರೆ ಈ ಪಾಪದಲ್ಲಿ ನಮಗೆಲ್ಲರಿಗೂ ಪಾಲುಂಟಲ್ಲವೇ? ಸೊಪ್ಪು ಬೇರುಗಳು ಸೃಷ್ಟಿಕರ್ತನವು. ಅವುಗಳನ್ನು ಅರೆದು ಕುಡಿದವರನ್ನು ಹಾಸ್ಯಮಾಡುವದು ನಮಗೆ ಯೋಗ್ಯವಲ್ಲ. ನಮ್ಮ ನಾಲಿಗೆಗೆ ಹೆದರಿ ಒಬ್ಬನು ವೈದ್ಯರಿಗೆ ಸತ್ಯವನ್ನು ಮರೆಮಾಡಿ ಪ್ರಾಣ ಕಳಕೊಂಡರೆ, ಅದರ ಲೆಕ್ಕವನ್ನು ನಾವು ಒಪ್ಪಿಸಬೇಕಾದೀತು.

ಆದಕಾರಣ ಆಸ್ಪತ್ರೆಗೆ ಹೋಗುವಾಗ ಕುಡಿದ ಕಷಾಯ, ಹಚ್ಚಿದ ಲೇಪ, ತಿಂದ ಚೂರ್ಣ ಎಲ್ಲವನ್ನೂ ಹೇಳಿರಿ. ಸಾಧ್ಯವಾದರೆ ಬೇರನ್ನೇ ಕೊಂಡುಹೋಗಿ ತೋರಿಸಿರಿ. ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಬೇಡಿರಿ. ಹಿಜ್ಕೀಯನು ತನ್ನ ಹುಣ್ಣನ್ನು ಪ್ರವಾದಿಗೆ ಮರೆಮಾಡಿದ್ದರೆ ಅಂಜೂರದ ಉಂಡೆಯನ್ನು ಎಲ್ಲಿ ಇಡುತ್ತಿದ್ದರು? ಸತ್ಯಸ್ವರೂಪನಾದ ದೇವರು ನಮ್ಮ ಬಾಯಿಗೆ ಸತ್ಯವನ್ನೂ ನಮ್ಮ ಮನೆಗಳಿಗೆ ಆರೋಗ್ಯವನ್ನೂ ದಯಪಾಲಿಸಲಿ. ಆಮೆನ್.