ತಮೋಗುಣವೂ ಟಿಎಸ್‌ಎಚ್ ರಿಪೋರ್ಟೂ

ಗೀತೆಯ ಹದಿನಾಲ್ಕನೇ ಅಧ್ಯಾಯದ ಪ್ರಕಾರ ತಮೋಗುಣ ನಮ್ಮನ್ನು ಕಟ್ಟಿಹಾಕುವುದು ಪ್ರಮಾದ, ಆಲಸ್ಯ, ನಿದ್ರೆಗಳಿಂದ. ಸಾಗರದ ನಮ್ಮ ಕೇರಿಯ ಹೆಂಗಸರಿಗೆ ಶನಿವಾರ ಸಂಜೆ ಗೀತೆ ಹೇಳಿಕೊಡುವ ನಿವೃತ್ತ ಸಂಸ್ಕೃತ ಟೀಚರ್ ನಾನು. ಆ ಮೂರೂ ಒಟ್ಟಿಗೇ ನನ್ನ ಮೈಮೇಲೆ ಬಂದು ಕೂತ ಮೇಲೆ ಆ ಅಧ್ಯಾಯದ ಪಾಠ ಮೊದಲಿನ ಹಾಗೆ ಉಳಿದಿಲ್ಲ.

ಮಧ್ಯಾಹ್ನ ಮಲಗಿದರೆ ದೀಪ ಹಚ್ಚುವ ಹೊತ್ತಿಗೂ ಏಳಲಾಗುತ್ತಿರಲಿಲ್ಲ. ಏಪ್ರಿಲ್ ಸೆಕೆಯಲ್ಲೂ ಸ್ವೆಟರ್ ಬೇಕು. ಹಿಮ್ಮಡಿ ಒಡೆದು ಸೀರೆಯಂಚು ಸಿಕ್ಕಿಕೊಳ್ಳುತ್ತಿತ್ತು, ಹುಬ್ಬಿನ ಹೊರತುದಿ ಬೋಳಾಗಿತ್ತು, ಊಟ ಕಡಿಮೆ ಮಾಡಿದರೂ ರವಿಕೆ ಬಿಗಿಯಾಗುತ್ತಿತ್ತು. ಅದೆಲ್ಲ ಹೋಗಲಿ, ಚಿಕ್ಕಂದಿನಿಂದ ಬಾಯಿಗೆ ಬರುತ್ತಿದ್ದ ವಿಷ್ಣು ಸಹಸ್ರನಾಮ ಒಂದು ದಿನ ಎಲ್ಲರೆದುರು ನಡುವೆ ನಿಂತುಬಿಟ್ಟಿತು. ಮುಂದಿನ ನಾಮ ಯಾವುದು? ಹೊಳೆಯಲೇ ಇಲ್ಲ. ದನಿಯೂ ಗೊಗ್ಗರಾಗಿತ್ತು. ಬಳಗದ ಹಿರಿಯರೊಬ್ಬರು, “ತಮಸ್ಸು ಜಾಸ್ತಿಯಾಗಿದೆ ಟೀಚರೇ, ಈರುಳ್ಳಿ ಬಿಡಿ, ಬೆಳಗಿನ ಜಾವ ಎದ್ದು ಜಪ ಮಾಡಿ” ಎಂದರು. ಈರುಳ್ಳಿ ನಾನು ಮೊದಲೂ ತಿನ್ನುತ್ತಿರಲಿಲ್ಲ.

ರಕ್ತಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ 48. ಸಾಮಾನ್ಯವಾಗಿ ಅದು 4ರ ಆಸುಪಾಸನ್ನು ದಾಟಬಾರದು. ಕತ್ತಿನ ಥೈರಾಯ್ಡ್ ಗ್ರಂಥಿ ಹಾರ್ಮೋನು ಕೊಡುವುದು ಕಡಿಮೆಯಾದರೆ ಮಿದುಳಿನ ಬುಡದ ಪಿಟ್ಯುಟರಿ ಟಿಎಸ್‌ಎಚ್ ಹೆಚ್ಚಿಸಿ ಅದನ್ನು ಎಬ್ಬಿಸಲು ನೋಡುತ್ತದೆ. ಅಂಕಿ ಏರಿದಷ್ಟೂ ಗ್ರಂಥಿ ಸೋತಿದೆ ಅಂತ ಲೆಕ್ಕ. ನನ್ನದು 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ವಿವರಿಸಿದ ಕಾಯಿಲೆ. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಮಾಡುತ್ತದೆ. ಲೆವೊಥೈರಾಕ್ಸಿನ್ 75 ಮೈಕ್ರೊಗ್ರಾಂ ಶುರುವಾಯಿತು, ಆರು ವಾರದ ಮೇಲೆ ಮತ್ತೆ ರಕ್ತ ನೋಡಿ 100 ಆಯಿತು. ಕೆಲವು ತಿಂಗಳಲ್ಲಿ ಸಹಸ್ರನಾಮ ಮರಳಿ ಬಂತು.

ಆಮೇಲೆ ಕಾಡಿದ್ದು ಬೇರೆ ಪ್ರಶ್ನೆ. ಒಂದು ಗ್ರಾಮಿನ ಹತ್ತು ಸಾವಿರದ ಒಂದು ಪಾಲು ಔಷಧಕ್ಕೆ ತಮಸ್ಸು ಕರಗುವುದಾದರೆ ಜಪ, ಸಂಯಮ, ಸಂಕಲ್ಪಗಳಿಗೆ ಏನು ಬೆಲೆ?

ಉತ್ತರ ಛಾಂದೋಗ್ಯ ಉಪನಿಷತ್ತಿನಲ್ಲೇ ಇದೆ. ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಹದಿನೈದು ದಿನ ಬರೀ ನೀರು ಕುಡಿದುಕೊಂಡಿರು ಎನ್ನುತ್ತಾನೆ. ಆಮೇಲೆ ಋಕ್ಕು, ಯಜುಸ್ಸು, ಸಾಮ ಹೇಳು ಎಂದರೆ ಮಗನಿಗೆ ಒಂದೂ ನೆನಪಾಗುವುದಿಲ್ಲ. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ. ಮನಸ್ಸು ಅನ್ನಮಯ ಎಂಬುದನ್ನು ತಂದೆ ಬಾಯಲ್ಲಿ ಹೇಳಿ ಸುಮ್ಮನಾಗದೆ ಮಗನ ಮೈಮೇಲೇ ತೋರಿಸಿದ. ವೇದ ಮರೆತ ಮಗನನ್ನು ಉದ್ದಾಲಕ ಬೈಯಲಿಲ್ಲ, ಊಟ ಮಾಡಿ ಬಾ ಎಂದ. ಗೀತೆಯೂ ಮನಸ್ಸು, ಬುದ್ಧಿ, ಅಹಂಕಾರಗಳನ್ನು ಈ ದೇಹವೆಂಬ ಕ್ಷೇತ್ರದೊಳಗೇ ಸೇರಿಸುತ್ತದೆ, ಗುಣಗಳು ಪ್ರಕೃತಿಯವು. ಹಾಗಿರುವಾಗ ಪ್ರಕೃತಿಯ ಒಂದು ಕೊರತೆ ಲ್ಯಾಬಿನ ಕಾಗದದ ಮೇಲೆ ಕಂಡರೆ ವೇದಾಂತಿ ಬೆಚ್ಚಬೇಕಾದ್ದೇನೂ ಇಲ್ಲ.

ಹಾಗಂತ ಸೋಮಾರಿಗಳಿಗೆಲ್ಲ ಥೈರಾಯ್ಡ್ ನೆಪವಾಗಬಾರದು. 65 ದಾಟಿದವರಲ್ಲಿ ಟಿಎಸ್‌ಎಚ್ ಸ್ವಲ್ಪವೇ ಏರಿದ್ದರೆ ಮಾತ್ರೆಯಿಂದ ಆಯಾಸವೇನೂ ತಗ್ಗುವುದಿಲ್ಲ ಎಂದು 2017ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನ ಕಂಡುಕೊಂಡಿದೆ. ನನ್ನ ಟಿಎಸ್‌ಎಚ್ ಈಗ ಸರಿಯಾಗಿದೆ. ಆದರೂ ಪಾಠದ ತಯಾರಿಯನ್ನು ಶನಿವಾರ ಮಧ್ಯಾಹ್ನದವರೆಗೆ ತಳ್ಳುತ್ತೇನೆ. ಅದಕ್ಕೆ ಗ್ರಂಥಿ ಹೊಣೆಯಲ್ಲ.

ಯಾವುದು ಗ್ರಂಥಿಯದು, ಯಾವುದು ನನ್ನದು ಎಂದು ನನಗೇ ಹೀಗೆ ಅಷ್ಟಿಷ್ಟು ತಿಳಿಯುತ್ತದೆ. ಪಕ್ಕದ ಮನೆಯವರಿಗೆ ಹೇಗೆ ತಿಳಿದೀತು? ಗುಣಾತೀತನ ಲಕ್ಷಣ ಹೇಳುವ ಶ್ಲೋಕಕ್ಕೆ ಬರೆದ ಭಾಷ್ಯದಲ್ಲಿ ಶಂಕರರು, ಇದು ಇತರರಿಗೆ ಕಾಣುವ ಗುರುತಲ್ಲ, ತನ್ನನ್ನು ತಾನೇ ನೋಡಿಕೊಳ್ಳುವುದಕ್ಕೆ ಇರುವುದು ಎನ್ನುತ್ತಾರೆ. ತಮಸ್ಸಿಗೂ ಅದೇ ಮಾತು ಸಲ್ಲುತ್ತದೆ ಎಂದು ನನ್ನ ಅಭಿಪ್ರಾಯ. ಸೊಸೆ ತಡವಾಗಿ ಎದ್ದರೆ ತಾಮಸಿ ಎನ್ನುವ ಅಧಿಕಾರವನ್ನು ಗೀತೆ ಯಾವ ಅತ್ತೆಗೂ ಕೊಟ್ಟಿಲ್ಲ.

ಮಾತ್ರೆಯನ್ನು ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಬೇಕು. ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದು ಘಮಘಮಿಸುತ್ತಿರುವಾಗ ಸುಮ್ಮನೆ ಕೂರುವುದು, ನನ್ನ ಮಟ್ಟಿಗೆ ಅದೇ ತಪಸ್ಸು. ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಅಂತರ ಬೇಕು.

ನಮ್ಮ ಬಳಗದಲ್ಲೂ ಕೆಲವರು ಏಕಾದಶಿಯ ದಿನ ಮಾತ್ರೆ ಬಿಡುತ್ತಾರೆ, ವ್ರತ ಕೆಡುತ್ತದಂತೆ. ವ್ರತಕ್ಕೆ ಭಂಗ ತರದ ಎಂಟನ್ನು ಧರ್ಮಶಾಸ್ತ್ರ ಎಣಿಸಿದೆ. ನೀರು ಅದರಲ್ಲಿದೆ, ಔಷಧವೂ ಇದೆ. ಬಸುರಿಯರಂತೂ ಯಾರ ಮಾತು ಕೇಳಿಯೂ ನಿಲ್ಲಿಸಬಾರದು. ಆಗ ಸಾಮಾನ್ಯವಾಗಿ ಡೋಸ್ ಹೆಚ್ಚಿಸಬೇಕಾಗುತ್ತದೆ. ಅಕ್ಕಂದಿರೇ, ಏಕಾದಶಿಯ ಬೆಳಿಗ್ಗೆಯೂ ಮಾತ್ರೆ ನುಂಗಿಯೇ ಜಪಕ್ಕೆ ಕೂರಿ.